ಪಕ್ಕದ ಮನೆ ಗೋಡೆ ಕಟ್ಟಿದ ಮೇಲೇ ನನ್ನ ರೆಂಡರ್‌ಗೆ ಬೆಳಕು ಬಂತು

ಮೈಸೂರಿನ 30-40 ಸೈಟಿನ ಮನೆಗಳಲ್ಲಿ ಅಕ್ಕಪಕ್ಕದ ಕಿಟಕಿಗೆ ಆಕಾಶ ಕಾಣುವುದೇ ಅಪರೂಪ. ಕಾಣುವುದು ಪಕ್ಕದವರ ಗೋಡೆ. ಮನೆ ಒಳಗಿನ ವಿನ್ಯಾಸ ಮಾಡೋ ನಾವು ಮಾತ್ರ ರೆಂಡರ್‌ನಲ್ಲಿ, ಅಂದರೆ ಮನೆ ಮುಗಿಯೋ ಮುಂಚೆ ಕಂಪ್ಯೂಟರ್‌ನಲ್ಲಿ ಮಾಡೋ ಫೋಟೋದಂಥ ಚಿತ್ರದಲ್ಲಿ, ಆ ಕಿಟಕಿಯಾಚೆ ಯಾವುದೋ ದೇಶದ ಹುಲ್ಲುಗಾವಲಿನ ಎಚ್‌ಡಿಆರ್‌ಐ (ದೃಶ್ಯಕ್ಕೆ ಬೆಳಕೂ ಕೊಡೋ ಸುತ್ತಲಿನ ಫೋಟೋ) ಹಾಕಿ, ಅಡುಗೆಮನೆ ತುಂಬ ಬೆಳಕು ಸುರಿದು, ಪಾರ್ಟಿಗೆ ತೋರಿಸಿ ಅಡ್ವಾನ್ಸ್ ತಗೊಳ್ತೀವಿ. ಗೃಹಪ್ರವೇಶ ಆದ ಮೇಲೆ "ಫೋಟೋದಲ್ಲಿ ಹೀಗಿರ್ಲಿಲ್ವಲ್ಲಾ" ಅಂದರೆ ಪೇಂಟರ್ ಮೇಲೆ ಹಾಕ್ತೀವಿ, ಇಲ್ಲ ಬಲ್ಬಿನ ಮೇಲೆ.

ರೆಂಡರ್ ಫೈಲಿನಲ್ಲಿ ಕಿಟಕಿಯಾಚೆ ಇರೋದನ್ನೂ ಕಟ್ಟಿ ಅಂತ ನಾನು ಹೇಳಿದಾಗ ಜೊತೆಯವರು ನಕ್ಕಿದ್ದು ನಿಜ. "ಗುರೂ, ದುಡ್ಡು ಕೊಡೋನು ಇವನು, ಗೋಡೆ ಅವನ್ದು. ಅವನ ಗೋಡೆಗೆ ನೀನ್ಯಾಕೆ ಬಣ್ಣ ಹೊಡೀತೀಯ?" ಅಂತ ಕುವೆಂಪುನಗರದ ಗೆಳೆಯನೊಬ್ಬ ಟೀ ಅಂಗಡಿಯಲ್ಲಿ ಎಲ್ಲರ ಮುಂದೆ ಕೇಳಿದ. ಈಗ ಅವನ ಫೈಲುಗಳೂ ನನ್ನ ಮಿಷನ್ನಿಗೇ ಬರ್ತಿವೆ. ಅದು ಆಮೇಲೆ.

ನಾನು ಪ್ಲಾನ್ ಎಳೆಯೋದು ಇವತ್ತಿಗೂ ಸ್ವೀಟ್ ಹೋಮ್ ತ್ರೀಡಿ ಅನ್ನೋ ಮನೆ ಪ್ಲಾನ್ ಸಾಫ್ಟ್‌ವೇರ್‌ನಲ್ಲೇ. ಅದನ್ನು ಮಕ್ಕಳಾಟ ಅನ್ನೋರಿಗೆ ಒಂದೇ ಮಾತು: ಪಾರ್ಟಿ ಎದುರಿಗೆ ಕೂತಿರುವಾಗಲೇ ಗೋಡೆ ಸರಿಸಿ, ಬಾಗಿಲು ತಿರುಗಿಸಿ ತೋರಿಸೋಕೆ ಅದಕ್ಕಿಂತ ಚುರುಕಾದದ್ದು ನನಗೆ ಸಿಕ್ಕಿಲ್ಲ, ಅದೂ ಪುಕ್ಕಟೆ. ಪ್ಲಾನ್ ಒಪ್ಪಿಗೆ ಆದ ಮೇಲೆ ಒಬಿಜೆ (ತ್ರೀಡಿ ಮಾಡೆಲ್ ಫೈಲು) ಮಾಡಿ ಬ್ಲೆಂಡರ್ ಅನ್ನೋ ತ್ರೀಡಿ ಸಾಫ್ಟ್‌ವೇರ್‌ಗೆ ತಗೊಂಡು, ಅದರ ರೆಂಡರ್ ಎಂಜಿನ್ ಸೈಕಲ್ಸ್‌ನಲ್ಲಿ ರೆಂಡರ್. ಇಲ್ಲಿ ತುಂಬಾ ಜನ ಎಡವುತ್ತಾರೆ. ಸ್ವೀಟ್ ಹೋಮ್‌ನಿಂದ ಬರೋ ಒಬಿಜೆ ಸೆಂಟಿಮೀಟರ್ ಲೆಕ್ಕದ್ದು. ಇಂಪೋರ್ಟ್ ಮಾಡುವಾಗ ಸ್ಕೇಲ್ 0.01 ಇಡದಿದ್ದರೆ ಮೂರು ಮೀಟರ್ ಗೋಡೆ ಮುನ್ನೂರು ಮೀಟರ್ ಆಗಿ ಕೂರುತ್ತೆ. ನೋಡೋಕೆ ಏನೂ ವ್ಯತ್ಯಾಸ ಕಾಣಲ್ಲ, ಆದರೆ ದೂರ ನೂರು ಪಟ್ಟಾದರೆ ಬೆಳಕು ಹತ್ತು ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತೆ. ಆಮೇಲೆ ಬಲ್ಬಿಗೆ ಐವತ್ತು ಸಾವಿರ ವ್ಯಾಟ್ ಕೊಟ್ಟು ಕೂರೋದು. ಬ್ಲೆಂಡರ್‌ನ ವ್ಯಾಟೇ ಕರೆಂಟ್ ಬಿಲ್ಲಿನ ವ್ಯಾಟಲ್ಲ. ಅಂಗಡಿಯ 9 ವ್ಯಾಟ್ ಎಲ್‌ಇಡಿ, ಅಂದರೆ ಎಂಟುನೂರು ಚಿಲ್ಲರೆ ಲ್ಯೂಮೆನ್, ಅಲ್ಲಿ ಎರಡು ವ್ಯಾಟ್ ಚಿಲ್ಲರೆಗೆ ಸಮ. ಇಷ್ಟು ಸರಿ ಮಾಡಿಕೊಂಡವರು ಮುಂದೆ ಓದಿ.

ಪಕ್ಕದ ಗೋಡೆ ನಿಲ್ಲಿಸಿದ ಮೊದಲ ರೆಂಡರ್‌ಗಳು ನೋಡೋ ಹಾಗೇ ಇರಲಿಲ್ಲ. ಕಾರಣ ಗೊತ್ತಿರೋದೇ. ಬಿಸಿಲು ಆ ಗೋಡೆಗೆ ಬಿದ್ದು, ಆರಡಿ ಸಂದಿಯಲ್ಲಿ ಪುಟಿದು, ಸಜ್ಜಾದ ಅಡಿಯಿಂದ ನುಸುಳಿ, ಗ್ರಿಲ್ ದಾಟಿ ಒಳಗೆ ಬರಬೇಕು. ಸೈಕಲ್ಸ್ ಬೆಳಕು ಹುಡುಕೋದು ಕ್ಯಾಮೆರಾದಿಂದ ಕಿರಣ ಬಿಟ್ಟು; ಹಾಗೆ ಅಡುಗೆಮನೆಯಿಂದ ಹೊರಟ ಕಿರಣಗಳಲ್ಲಿ ಆ ದಾರಿ ಹಿಡಿಯೋದು ಬೆರಳೆಣಿಕೆ. ಪರದೆ ತುಂಬಾ ಕಾಳು ಕಾಳು. ಕಾಳು ಅಳಿಸೋ ಡಿನಾಯ್ಸರ್ ಓಡಿಸಿದರೆ ಕಾಳೆಲ್ಲ ಸೇರಿ ಗೋಡೆ ಮೇಲೆ ಮಚ್ಚೆ. ಕಿಟಕಿಗೆ ಪೋರ್ಟಲ್ ಇಡು, ಅಂದರೆ ಹೊರಗಿನ ಬೆಳಕು ಇಲ್ಲಿಂದ ಬರುತ್ತೆ ಅಂತ ಸೈಕಲ್ಸ್‌ಗೆ ಗುರುತು ತೋರಿಸು, ಅಂತ ಒಬ್ಬರು ಸಲಹೆ ಕೊಟ್ಟರು. ಪೋರ್ಟಲ್ ಕೆಲಸ ಮಾಡೋದು ಆಕಾಶದ ಬೆಳಕಿಗೆ, ಗೋಡೆಯಿಂದ ಪುಟಿದು ಬರೋದಕ್ಕಲ್ಲ. ಪುಟಿದ ಬೆಳಕಿಗೆ ಮಿತಿ ಹಾಕೋ ಇನ್‌ಡೈರೆಕ್ಟ್ ಕ್ಲ್ಯಾಂಪ್ ಹತ್ತರಿಂದ ಒಂದಕ್ಕೆ ಇಳಿಸಿದೆ. ಮಿಣುಕು ಚುಕ್ಕೆ ಹೋಯ್ತು, ಅದರ ಜೊತೆಗೇ ಬೆಳಕೂ ಹೋಯ್ತು. ಬೆಳಕು ಎಷ್ಟು ಸಲ ಪುಟಿಯಬಹುದು ಅನ್ನೋ ಡಿಫ್ಯೂಸ್ ಬೌನ್ಸ್ ನಾಲ್ಕರಿಂದ ಎಂಟಕ್ಕೆ ಏರಿಸಿದರೆ ಮೂಲೆಗಳು ಚೆನ್ನಾದವು, ಆದರೆ ಹಳೇ ಐ5 ಲ್ಯಾಪ್‌ಟಾಪ್ ರಾತ್ರಿ ಊಟಕ್ಕೆ ಮುಂಚೆ ಶುರು ಮಾಡಿದ್ದನ್ನು ಬೆಳಗಿನ ತಿಂಡಿ ಹೊತ್ತಿಗೆ ಮುಗಿಸೋದು. ನಡುವೆ ಕರೆಂಟ್ ಹೋದರೆ, ಬ್ಯಾಟರಿ ಸತ್ತಿರೋ ಲ್ಯಾಪ್‌ಟಾಪ್ ಅದು, ಮೊದಲಿಂದ ಶುರು.

ದುಡ್ಡಿನ ವಿಷಯ ಹೇಳಿಬಿಡ್ತೀನಿ. ಅದಕ್ಕೂ ಮುಂಚೆ ರೆಂಡರ್ ಹೊರಗೆ ಕೊಡ್ತಿದ್ದೆ, ಒಂದು ವ್ಯೂಗೆ (ಒಂದು ಕೋನದ ಚಿತ್ರಕ್ಕೆ) ಸುಮಾರು ಎರಡೂವರೆ ಸಾವಿರ. ಒಂದು ಮನೆಗೆ ಐದಾರು ವ್ಯೂ ಅಂದರೆ ನನಗೆ ಉಳಿಯೋದು ಪೆಟ್ರೋಲ್ ಕಾಸು. ದುಡ್ಡಿಗೆ ರೆಂಡರ್ ಮಾಡಿಕೊಡೋ ಆನ್‌ಲೈನ್ ರೆಂಡರ್ ಫಾರ್ಮ್ ಒಂದಕ್ಕೆ, ಹೆಸರು ಬೇಡ, ಮೂರು ಸಾವಿರದ ಹತ್ತಿರ ಕಟ್ಟಿದೆ. ಟೆಕ್ಸ್ಚರ್ (ಮೇಲ್ಮೈಗೆ ಹಚ್ಚೋ ಚಿತ್ರ) ಸಿಗದೆ ಇಡೀ ಅಡುಗೆಮನೆ ಗುಲಾಬಿ ಬಣ್ಣದಲ್ಲಿ ರೆಂಡರ್ ಆಗಿ ಬಂತು. ದುಡ್ಡು ವಾಪಸ್ ಕೇಳಿದರೆ ನಿಮ್ಮ ಫೈಲೇ ಸರಿಯಿಲ್ಲ ಅಂದರು. ಕೊನೆಗೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ 3060 ಗ್ರಾಫಿಕ್ಸ್ ಕಾರ್ಡ್, 12 ಜಿಬಿಯದು, ಹದಿನೇಳೋ ಹದಿನೆಂಟೋ ಸಾವಿರಕ್ಕೆ ತಂದೆ. ಅದನ್ನು ಕೂರಿಸೋಕೆ ಮಿಷನ್ನು, ಎಸ್‌ಎಂಪಿಎಸ್ಸು, ಯುಪಿಎಸ್ಸು ಎಲ್ಲಾ ಸೇರಿ ಇನ್ನೊಂದು ಮೂವತ್ತು ಸಾವಿರ. ಮನೆಯಲ್ಲಿ ಹೇಳಿದ್ದು ಕಾರ್ಡಿನ ರೇಟು ಮಾತ್ರ.

ಕಾರ್ಡ್ ಬಂದ ಮೇಲೆ ಇಡೀ ರಾತ್ರಿಯ ಕೆಲಸ ಮುಕ್ಕಾಲು ಗಂಟೆಗೆ ಇಳಿಯಿತು. ಕಾಳು ಮಾತ್ರ ಹಾಗೇ ಇತ್ತು. ಕಾರ್ಡ್ ವೇಗ ಕೊಡುತ್ತೆ ಅಷ್ಟೇ, ಸಂದಿಯೊಳಗೆ ದಾರಿ ಹುಡುಕಿಕೊಡಲ್ಲ.

ಕೆಲಸ ಮಾಡಿದ್ದು ಇದು. ಪಕ್ಕದ ಗೋಡೆಯನ್ನು ಒಂದು ಪ್ಲೇನ್ (ಚಪ್ಪಟೆ ಹಾಳೆ) ಮಾಡಿ, ಬಿಸಿಲು ಆಕಾಶ ಎರಡನ್ನೂ ಇಟ್ಟು, ಅದೊಂದನ್ನೇ ಕಂಬೈನ್ಡ್ ಬೇಕ್ ಮಾಡೋದು, ಅಂದರೆ ಗೋಡೆಯ ಬಣ್ಣ, ಅದರ ಮೇಲೆ ಬಿದ್ದ ಬೆಳಕು ಎರಡನ್ನೂ ಒಂದು ಚಿತ್ರವಾಗಿ ಅಚ್ಚೊತ್ತೋದು. ಹೊರಗಿನ ಗೋಡೆಗೆ ಬೆಳಕು ಸಲೀಸಾಗಿ ಸಿಗುತ್ತೆ, ಐದು ನಿಮಿಷದಲ್ಲಿ ಕಾಳಿಲ್ಲದ ಬೇಕ್ ಬರುತ್ತೆ. ಆಮೇಲೆ ಆ ಗೋಡೆಯ ಮೆಟೀರಿಯಲ್ ಪೂರ್ತಿ ಕಿತ್ತು, ಬೇಕ್ ಆದ ಚಿತ್ರವನ್ನು ಎಮಿಷನ್‌ಗೆ (ತಾನೇ ಬೆಳಗೋ ಮೆಟೀರಿಯಲ್‌ಗೆ) ಕೊಟ್ಟು, ಸ್ಟ್ರೆಂತ್ ಒಂದಕ್ಕೆ ಇಡಬೇಕು. ಬಿದ್ದ ಬೆಳಕನ್ನು ಚದುರಿಸೋ ಡಿಫ್ಯೂಸ್ ಉಳಿಸಿಕೊಂಡರೆ ಬೆಳಕು ಎರಡೆರಡು ಸಲ ಲೆಕ್ಕಕ್ಕೆ ಬರುತ್ತೆ, ಅದನ್ನು ತೆಗೆಯಲೇಬೇಕು. ಈಗ ಗೋಡೆಯೇ ಒಂದು ದೊಡ್ಡ ದೀಪ. ಒಳಗಿನ ಕಿರಣಕ್ಕೆ ಅದು ನೇರ ಸಿಗುತ್ತೆ, ಪುಟಿತ ಹುಡುಕೋ ಕೆಲಸ ಇಲ್ಲ. ಮುಕ್ಕಾಲು ಗಂಟೆಯ ಅದೇ ವ್ಯೂ ಏಳೆಂಟು ನಿಮಿಷಕ್ಕೆ ಬಂತು, ಕಾಳಿಲ್ಲದೆ.

ಇದೂ ಒಂದೇ ಏಟಿಗೆ ಬರಲಿಲ್ಲ. ಮೊದಲ ಬೇಕ್‌ಗಳನ್ನು ಪಿಎನ್‌ಜಿಯಲ್ಲಿ ಉಳಿಸಿದ್ದೆ, ಗೋಡೆ ಸಪ್ಪೆ, ಒಳಗೆ ಸಂಜೆಗತ್ತಲು. ಬಿಸಿಲು ಬಿದ್ದ ಗೋಡೆಯ ಬೆಳಕಿನ ಅಂಕಿ ಒಂದನ್ನು ದಾಟಿ ಎಷ್ಟೋ ಮೇಲೆ ಇರುತ್ತೆ, ಪಿಎನ್‌ಜಿ ಅದನ್ನು ಒಂದಕ್ಕೇ ಕತ್ತರಿಸಿ ಹಾಕುತ್ತೆ. ಒಂದನ್ನು ದಾಟಿದ ಅಂಕಿಯನ್ನೂ ಹಿಡಿಯೋ 32 ಬಿಟ್ ಫ್ಲೋಟ್ ಇಮೇಜ್ ಮಾಡಿ ಇಎಕ್ಸ್‌ಆರ್ ಫೈಲಿನಲ್ಲಿ ಉಳಿಸಿದರೆ ಬೆಳಕು ಪೂರ್ತಿ ಸಿಗುತ್ತೆ. ಕಿಟಕಿ ಗಾಜನ್ನು ನಾನು ಇಡೋದೇ ಇಲ್ಲ. ಸೊಳ್ಳೆ ಪರದೆ ಮಾತ್ರ ಬಿಡಬೇಡಿ, ನಮ್ಮೂರಲ್ಲಿ ಅದಿಲ್ಲದ ಕಿಟಕಿ ಇಲ್ಲ, ತಿನ್ನೋ ಬೆಳಕು ಕಡಿಮೆಯೇನಲ್ಲ. ತಂತಿ ತಂತಿ ಮಾಡೆಲ್ ಮಾಡೋದು ದಂಡ, ಟ್ರಾನ್ಸ್‌ಪರೆಂಟ್ ಮಿಕ್ಸ್, ಅಂದರೆ ಒಂದಿಷ್ಟು ಪಾಲು ಬೆಳಕು ಬಿಡೋ ಮೆಟೀರಿಯಲ್, ಸಾಕು. ಎಷ್ಟು ಪಾಲು ಅನ್ನೋದನ್ನು ನೀವೇ ಒಂದು ಕಿಟಕಿ ಮುಂದೆ ಕೂತು ಕಂಡುಕೊಳ್ಳಿ, ನಾನು ಕೂತಿದ್ದೆ.

ಬೋಗಾದಿ ಕಡೆಯ ಒಂದು ಮನೆಯಲ್ಲಿ ಇದರ ಬೆಲೆ ಗೊತ್ತಾಯ್ತು. ಒಂದೇ ಅಂತಸ್ತು, ಅಡುಗೆಮನೆ ವಾಯವ್ಯಕ್ಕೆ, ಕಿಟಕಿ ಉತ್ತರಕ್ಕೆ. ಉತ್ತರದ ಪಕ್ಕದ್ಮನೆ ಎರಡಂತಸ್ತು, ಗೋಡೆ ಗಿಣಿಹಸಿರು. ಮೈಸೂರು 12.3 ಡಿಗ್ರಿ ಉತ್ತರದಲ್ಲಿದೆ; ಡಿಸೆಂಬರ್ ನಡು ಮಧ್ಯಾಹ್ನ ಸೂರ್ಯ ದಕ್ಷಿಣಕ್ಕೆ ಸುಮಾರು 54 ಡಿಗ್ರಿ ಎತ್ತರದಲ್ಲಿ. ನಮ್ಮ ಪ್ಯಾರಪೆಟ್ ದಾಟಿದ ಬಿಸಿಲು ಆ ಹಸಿರು ಗೋಡೆಗೆ ಐದಡಿಯಿಂದ ಮೇಲಕ್ಕೆಲ್ಲ ಬೀಳುತ್ತೆ. ಜೂನ್‌ನಲ್ಲಿ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋಗಿರುತ್ತಾನೆ, ಆಗ ಆ ಗೋಡೆ ನೆರಳು. ಅಂದರೆ ಅದೇ ಅಡುಗೆಮನೆ ಮಳೆಗಾಲದಲ್ಲಿ ಬೆಳ್ಳಗೆ, ಚಳಿಗಾಲದಲ್ಲಿ ಹಸಿರು. ಎರಡೂ ತಿಂಗಳ ರೆಂಡರ್ ತೆಗೆದೆ.

ಮನೆಯ ಯಜಮಾನಿ ನಿವೃತ್ತ ಟೀಚರ್. ಡಿಸೆಂಬರ್‌ದು ನೋಡಿದವರೇ, "ಇದೇನಪ್ಪಾ, ನಾನು ಕೇಳಿದ್ದು ಐವರಿ, ನೀನು ಪಿಸ್ತಾ ಹಾಕಿದ್ದೀಯಲ್ಲ" ಅಂದರು. "ಹಾಕಿರೋದು ಐವರಿನೇ ಮೇಡಂ, ಹಸಿರು ಪಕ್ಕದ್ಮನೇದು" ಅಂದರೆ ನಂಬಲಿಲ್ಲ. ಅವರ ಮಗ ಕಂಪ್ಯೂಟರ್ ಕಡೆ ಬೆರಳು ತೋರಿಸಿ, "ಸಾರ್, ಸೆಟ್ಟಿಂಗ್ ಏನೋ ಹೆಚ್ಚುಕಮ್ಮಿ ಆಗಿದೆ" ಅಂದ. ಲ್ಯಾಮಿನೇಟ್ ಕ್ಯಾಟಲಾಗ್ ಹಿಡಿದು ಸೈಟಿಗೇ ಕರೆದುಕೊಂಡು ಹೋದೆ. ಆಗಲೂ ಚಳಿಗಾಲವೇ, ಹನ್ನೆರಡೂ ಕಾಲು ದಾಟಿರಬೇಕು. ನಮ್ಮ ಕಡೆ ಸೂರ್ಯ ನೆತ್ತಿಯ ಗೆರೆಗೆ ಬರೋದೇ ಗಡಿಯಾರದ ಹನ್ನೆರಡು ಕಳೆದ ಮೇಲೆ. ಕಡಪಾ ಸ್ಲ್ಯಾಬಿನ ಮೇಲೆ ಐವರಿ ತುಂಡನ್ನು ಕಿಟಕಿ ಕಡೆ ವಾಲಿಸಿ ಹಿಡಿದೆ. ಅಂಚಿನಿಂದ ಅಂಚಿಗೆ ತೆಳು ಹಸಿರು ಹತ್ತಿಕೊಂಡಿತು. ಅಂಗೈ ಅಡ್ಡ ಇಟ್ಟರೆ ಐವರಿ, ತೆಗೆದರೆ ಪಿಸ್ತಾ. ಮಗ ನಾಲ್ಕು ಸಲ ಅವನ ಕೈಯನ್ನೇ ಅಡ್ಡ ಇಟ್ಟು ನೋಡಿದ. ಎರಡು ಮುಕ್ಕಾಲು ಲಕ್ಷದ ಶಟರ್ (ಅಡುಗೆಮನೆ ಕಪಾಟಿನ ಬಾಗಿಲು) ಆರ್ಡರ್ ಮಾರನೇ ದಿನ ಹೋಗಬೇಕಿತ್ತು, ನಿಂತಿತು. ತೇಗದ ಕಂದು ಬಣ್ಣಕ್ಕೆ ಬದಲಾಯಿಸಿದೆವು. ಅದು ಹಸಿರನ್ನು ನುಂಗಿಕೊಳ್ಳುತ್ತೆ. ಪಕ್ಕದವರನ್ನು ಬಣ್ಣ ಬದಲಾಯಿಸಿ ಅಂತ ಮೇಡಂ ಕೇಳಿಯೂ ನೋಡಿದರಂತೆ. ಅವರು ವಾಸ್ತು ನೋಡಿಯೇ ಹೊಡೆಸಿದ ಹಸಿರಂತೆ ಅದು.

ಪಕ್ಕದ ಗೋಡೆಯ ಬಣ್ಣವನ್ನು ಫೋನ್ ಫೋಟೋದಿಂದ ಹೇಗೆ ಹಿಡೀತೀನಿ ಅಂತ ಎಲ್ಲರೂ ಕೇಳ್ತಾರೆ. ಒಂದು ಎ4 ಹಾಳೆ ಬೇಕು ಅಂತಷ್ಟೇ ಹೇಳ್ತೀನಿ. ಉಳಿದದ್ದರಲ್ಲಿ ನನ್ನ ಅನ್ನ ಇದೆ.

ಮಧ್ಯೆ ಮಧ್ಯೆ ಬೇರೆ ಹುಚ್ಚೂ ಹಿಡಿಯುತ್ತಿತ್ತು. ದಸರಾ ಹೊತ್ತಿಗೆ ಒಬ್ಬರು ಅವರ ಮನೆ ಮುಂಭಾಗವನ್ನು ಅರಮನೆ ದೀಪಾಲಂಕಾರದ ಹಾಗೆ ಬಲ್ಬು ಪೋಣಿಸಿ ತೋರಿಸಿ ಅಂದರು. ಅರಮನೆಗೆ ಸುಮಾರು ಒಂದು ಲಕ್ಷ ಬಲ್ಬು, ಇವರಿಗೆ ನಾನು ಹಾಕಿದ್ದು ಏಳೆಂಟು ನೂರು. ಹಳೇ ಬ್ಲೆಂಡರ್ ಅಷ್ಟು ಚಿಕ್ಕ ದೀಪಗಳಿಗೇ ಕೈಚೆಲ್ಲಿತು. 2023ರಲ್ಲಿ ಬಂದ 3.5 ರಲ್ಲಿ ಲೈಟ್ ಟ್ರೀ (ತುಂಬಾ ದೀಪಗಳಿದ್ದಾಗ ಮುಖ್ಯವಾದವನ್ನು ಆರಿಸಿಕೊಳ್ಳೋ ವಿಧಾನ) ಸೇರಿದ ಮೇಲೆ ಅದೇ ಫೈಲು ತೆರೆದರೆ ಅಷ್ಟೇ ಸ್ಯಾಂಪಲ್‌ಗೆ (ಕಿರಣಗಳ ಲೆಕ್ಕಕ್ಕೆ) ಎಷ್ಟೋ ವಾಸಿ ಬಂತು. ಆ ಕೆಲಸಕ್ಕೆ ಮಾತ್ರ ಕಾಸು ಹುಟ್ಟಲಿಲ್ಲ, ಒಂದು ಡಬ್ಬ ಮೈಸೂರು ಪಾಕ್ ಬಂತು. ದೇವರ ಮನೆಯ ದೀಪಕ್ಕೆ 1900 ಕೆಲ್ವಿನ್ ಬ್ಲ್ಯಾಕ್‌ಬಾಡಿ (ಎಣ್ಣೆ ದೀಪದಂಥ ಬೆಚ್ಚಗಿನ ಹಳದಿ ಬಣ್ಣ) ಇಟ್ಟು, ಉಳಿದೆಲ್ಲ ದೀಪ ಆರಿಸಿ ಒಂದು ವ್ಯೂ ಕೊಡೋದು ಈಗ ರೂಢಿ. ರೇಟು ಒಪ್ಪದವರೂ ಅದನ್ನು ನೋಡಿ ಒಪ್ಪುತ್ತಾರೆ.

ಪಾಂಡವಪುರದ ಕಡೆ ಒಂದು ಹಳೇ ತೊಟ್ಟಿಮನೆ ರಿಪೇರಿ ಕೆಲಸ ಬಂದಾಗ ಈ ಬೇಕ್ ವಿದ್ಯೆ ಬೇಕಾಗಲೇ ಇಲ್ಲ. ಸುತ್ತ ಕಬ್ಬು, ನಡುವೆ ತೆರೆದ ತೊಟ್ಟಿ. ಅಲ್ಲಿ ಪೋರ್ಟಲ್ ಒಂದೇ ಸಾಕಾಯ್ತು. ತೊಂದರೆ ಕೊಟ್ಟಿದ್ದು ರೆಡ್ ಆಕ್ಸೈಡ್ ನೆಲ. ಏಪ್ರಿಲ್ ಕೊನೆಯಲ್ಲಿ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬಂದು, ತೊಟ್ಟಿಗೆ ಬಿದ್ದ ಬಿಸಿಲು ಕೆಂಪಾಗಿ ಪುಟಿದು ಪಡಸಾಲೆಯ ಬಿಳಿ ಗೋಡೆಯೆಲ್ಲ ರಂಗಾಯಿತು. ನೆಲವನ್ನು ಸಪ್ಪೆ ಮಾಡಿ ಅಂತ ಮನೆಯವರ ಇಂಜಿನಿಯರ್ ಒತ್ತಾಯ. ನಾನು ಮಾಡಲಿಲ್ಲ. ಆ ಮನೆಯ ಅಜ್ಜಿ ನೋಡಿ, "ಹೂಂ ಕಣಪ್ಪ, ಬ್ಯಾಸ್ಗೇಲಿ ಹಿಂಗೇ ಕಾಣ್ಸೋದು" ಅಂದ ಮೇಲೆ ಇಂಜಿನಿಯರ್ ಸುಮ್ಮನಾದರು.

ಈಗಿನ ಲೆಕ್ಕ ಕೇಳೋರಿಗೆ: ಕಾರ್ಡು, ಮಿಷನ್ನು ಎಲ್ಲದರ ದುಡ್ಡು ವರ್ಷದೊಳಗೇ ವಾಪಸ್ ಬಂತು. ಒಂದು ವ್ಯೂಗೆ ಹದಿನೆಂಟು ನೂರು ತಗೊಳ್ತೀನಿ, ಸುತ್ತ ಬಯಲಿದ್ದರೆ ಹದಿನೈದು ನೂರು. ಕುವೆಂಪುನಗರದ ಗೆಳೆಯನಿಗೂ ಅದೇ ರೇಟು, ಜೊತೆಗೆ ಗೋಡೆ ಒಂದಕ್ಕೆ ಇನ್ನೂರು ಜಾಸ್ತಿ.