ಮರದ ದೋಣಿಗೆ ಫೈಬರ್‌ಗ್ಲಾಸ್ ಹೊದಿಸೋದು ಹೇಗೆ: ಎಪಾಕ್ಸಿ ಜಾಸ್ತಿ ಸುರೀಬೇಡಿ

ದೋಣಿಗೆ ಬಲ ಬರುವುದು ಫೈಬರ್‌ಗ್ಲಾಸ್‌ನಿಂದ, ಅಂದರೆ ಗಾಜಿನ ಎಳೆಗಳ ಬಟ್ಟೆಯಿಂದ. ಎಪಾಕ್ಸಿ, ಅಂದರೆ ರೆಸಿನ್‌ಗೆ ಅದನ್ನು ಗಟ್ಟಿಯಾಗಿಸುವ ಹಾರ್ಡನರ್ ಬೆರೆಸಿದ ಅಂಟು, ಆ ಬಟ್ಟೆಯನ್ನು ಮರಕ್ಕೆ ಅಂಟಿಸುತ್ತದೆ, ನೀರು ಒಳಗೆ ಇಳಿಯದಂತೆ ತಡೆಯುತ್ತದೆ, ಅಷ್ಟೆ. ದಪ್ಪಗೆ ಸುರಿದರೆ ಇನ್ನೂ ಗಟ್ಟಿಯಾಗುತ್ತೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಸುಮ್ನೆ ತೂಕ ಏರುತ್ತದೆ, ದುಡ್ಡೂ ದಂಡ.

ಸಣ್ಣ ಪ್ಲೈವುಡ್ ದೋಣಿಗೆ ಚದರ ಮೀಟರ್‌ಗೆ ಸುಮಾರು 200 ಗ್ರಾಂ ತೂಗುವ ನೇಯ್ದ ಬಟ್ಟೆ ಸಾಕು. ಚಾಪ್ಡ್ ಸ್ಟ್ರಾಂಡ್ ಮ್ಯಾಟ್ (ನೇಯದೆ, ತುಂಡು ಎಳೆಗಳನ್ನು ಅಂಟಿಸಿ ಮಾಡಿದ ಹಾಸು) ಬೇಡ. ಅದರ ಎಳೆಗಳನ್ನು ಹಿಡಿದಿಡುವ ಅಂಟು ಸಾಮಾನ್ಯವಾಗಿ ಪಾಲಿಯೆಸ್ಟರ್ ಎಂಬ ಬೇರೆ ಬಗೆಯ ರೆಸಿನ್‌ನಲ್ಲಿರುವ ಸ್ಟೈರೀನ್ ದ್ರಾವಕದಲ್ಲಿ ಕರಗುವಂಥದ್ದು, ಎಪಾಕ್ಸಿಯಲ್ಲಿ ಕರಗುವುದಿಲ್ಲ.

ಮರ ಚೆನ್ನಾಗಿ ಒಣಗಿರಲಿ. 80 ನಂಬರ್ ಸ್ಯಾಂಡ್‌ಪೇಪರ್‌ನಿಂದ ಉಜ್ಜಿ, ಧೂಳು ತೆಗೆಯಿರಿ. ಸ್ಕ್ರೂ ತೂತುಗಳನ್ನು ಮುಚ್ಚಿ. ಚೂಪಾದ ಅಂಚುಗಳನ್ನೆಲ್ಲ ಗುಂಡಗೆ ಮಾಡಿಕೊಳ್ಳಿ, ಯಾಕೆಂದರೆ ಬಟ್ಟೆ ಚೂಪು ಮೂಲೆಯಲ್ಲಿ ಕೂರದೆ ಮೇಲೇಳುತ್ತದೆ, ಅಡಿಯಲ್ಲಿ ಗಾಳಿ ಉಳಿಯುತ್ತದೆ. ಒಳಮೂಲೆಗಳಿಗೆ ಮರದ ಹುಡಿ ಬೆರೆಸಿದ ಗಟ್ಟಿ ಎಪಾಕ್ಸಿ ತುಂಬಿ, ಚಮಚದ ಬೆನ್ನಿನಿಂದ ಸವರಿ.

ಹಚ್ಚುವ ಹೊತ್ತೂ ಮುಖ್ಯ. ಬೆಳಗ್ಗೆ ಮರ ಬಿಸಿಯಾಗುತ್ತಾ ಹೋದಂತೆ ಒಳಗಿನ ಗಾಳಿ ಹಿಗ್ಗಿ ಹೊರಬರುತ್ತದೆ, ಬಟ್ಟೆಯಡಿ ಗುಳ್ಳೆ ಏಳುತ್ತದೆ. ಸಂಜೆ, ಬಿಸಿ ಇಳಿಯುವಾಗ ಮಾಡಿ.

ರೆಸಿನ್, ಹಾರ್ಡನರ್ ಅಳತೆ ಡಬ್ಬಿಯ ಮೇಲೆ ಬರೆದಿದ್ದಷ್ಟೇ. ತೂಕದ ಅಳತೆ ಬೇರೆ, ಗಾತ್ರದ (ಮಿಲಿಲೀಟರ್) ಅಳತೆ ಬೇರೆ, ಅದಲು ಬದಲು ಮಾಡಬೇಡಿ. ಬೇಗ ಗಟ್ಟಿಯಾಗಲಿ ಅಂತ ಹಾರ್ಡನರ್ ಜಾಸ್ತಿ ಹಾಕಿದರೆ ಅದು ಸರಿಯಾಗಿ ಗಟ್ಟಿಯಾಗುವುದೇ ಇಲ್ಲ. ತಳ, ಬದಿ ಕೆರೆದು ಕೆರೆದು ಎರಡು ನಿಮಿಷ ಕಲಸಿ, ತಕ್ಷಣ ಅಗಲವಾದ ತಟ್ಟೆಗೆ ಸುರಿದುಕೊಳ್ಳಿ. ಆಳದ ಡಬ್ಬಿಯಲ್ಲೇ ಬಿಟ್ಟರೆ ಬಿಸಿ ಒಳಗೇ ಕೂಡಿಕೊಂಡು ಹೊಗೆಯಾಡಿದರೂ ಆಶ್ಚರ್ಯವಿಲ್ಲ. ಹಾಗಾಗಿ ಸ್ವಲ್ಪ ಸ್ವಲ್ಪವೇ ಕಲಸಿ. ನೈಟ್ರೈಲ್ ಗ್ಲೌಸ್ ಇಲ್ಲದೆ ಮುಟ್ಟಲೇಬೇಡಿ; ಚರ್ಮಕ್ಕೆ ಒಮ್ಮೆ ಅಲರ್ಜಿ ಹತ್ತಿದರೆ ಅದು ಬಿಡುವಂಥದ್ದಲ್ಲ. ಕೈಗೆ ತಾಗಿದರೆ ಸೋಪು, ನೀರು. ಥಿನ್ನರ್ ಅಲ್ಲ.

ಈಗ ಬಟ್ಟೆಯನ್ನು ಒಣಗಿದ್ದಂತೆಯೇ ದೋಣಿಯ ಮೇಲೆ ಹಾಸಿ, ಅಂಗೈಯಿಂದ ಸುಕ್ಕು ಬಿಡಿಸಿ. ನಡುವಿನಲ್ಲಿ ಎಪಾಕ್ಸಿ ಸುರಿದು ಸ್ಕ್ವೀಜಿಯಿಂದ (ದ್ರವ ಎಳೆದು ಹರಡುವ ಚಪ್ಪಟೆ ಪಟ್ಟಿ) ಅಂಚಿನ ಕಡೆಗೆ ಹರಡಿ. ಒತ್ತಬೇಡಿ. ಬಟ್ಟೆ ಹೀರಿಕೊಳ್ಳಲು ಕೆಲವು ನಿಮಿಷ ಬೇಕು. ಬಿಳಿ ಮಾಯವಾಗಿ ಅಡಿಯ ಮರ ಕಂಡರೆ ಸರಿ, ಬಿಳಿ ಉಳಿದ ಕಡೆ ಇನ್ನೂ ಬೇಕು. ಆಮೇಲೆ ಸ್ಕ್ವೀಜಿ ಓರೆ ಹಿಡಿದು ಹೆಚ್ಚಾದದ್ದನ್ನೆಲ್ಲ ಎಳೆದು ತೆಗೆಯಿರಿ. ಗಾಜಿನಂತೆ ಹೊಳೆಯುತ್ತಿದ್ದರೆ ಬಟ್ಟೆ ಎಪಾಕ್ಸಿಯ ಮೇಲೆ ತೇಲುತ್ತಿದೆ ಅಂತಲೇ ಲೆಕ್ಕ. ನೇಯ್ಗೆ ಕೈಗೆ ತರಿತರಿಯಾಗಿ ಸಿಗಬೇಕು, ಹೊಳಪು ಮಂಕಾಗಿರಬೇಕು.

ಅರ್ಧ ಗಟ್ಟಿಯಾದಾಗ, ಅಂದರೆ ಉಗುರು ಒತ್ತಿದರೆ ಗುರುತು ಬೀಳುವಾಗ, ಜೋತ ಅಂಚನ್ನು ಬ್ಲೇಡಿನಿಂದ ಕತ್ತರಿಸಿ. ಎರಡು ಮೂರು ತೆಳು ಪದರಗಳಿಂದ ನೇಯ್ಗೆ ತುಂಬಿಸಲೂ ಆಗಲೇ ಶುರು ಮಾಡಬೇಕು, ಒಂದೊಂದೂ ಹಿಂದಿನದು ಪೂರ್ತಿ ಗಟ್ಟಿಯಾಗುವ ಮೊದಲೇ. ಆಗ ನಡುವೆ ಉಜ್ಜುವ ಕೆಲಸ ಇಲ್ಲ. ತಡವಾದರೆ ಮೇಲೆ ಮೇಣದಂಥ ಪೊರೆ ಕೂತಿರಬಹುದು, ನೀರು ಹಾಕಿ ಸ್ಕ್ರಬ್ಬರ್‌ನಿಂದ ತೊಳೆದು, ಒಣಗಿಸಿ, ಆಮೇಲೆ ಉಜ್ಜಿ. ತೊಳೆಯದೆ ಉಜ್ಜಿದರೆ ಪೊರೆ ಇನ್ನಷ್ಟು ಹರಡುತ್ತದೆ. ಉಜ್ಜುವಾಗ ಮಾಸ್ಕ್ ಬೇಕೇ ಬೇಕು.

ಗಟ್ಟಿಯಾದ ಮೇಲೆ ಬೆರಳಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಕಡೆ ಬಟ್ಟೆ ಕತ್ತರಿಸಿ ತೆಗೆದು, ಸುತ್ತ ಉಜ್ಜಿ, ಹೊಸ ತುಂಡು ಹಾಕಿ. ಕೊನೆಗೆ ಪೇಂಟ್ ಅಥವಾ ಯುವಿ ತಡೆಯುವ ವಾರ್ನಿಶ್ ಹಚ್ಚದೆ ದೋಣಿಯನ್ನು ಬಿಸಿಲಿಗೆ ಬಿಡಬೇಡಿ, ಬರೀ ಎಪಾಕ್ಸಿ ಬಿಸಿಲಿಗೆ ಹಳದಿಯಾಗಿ ಪುಡಿಪುಡಿಯಾಗುತ್ತದೆ.