ಹೇ ಫೀವರ್: ಸೀನು ಶುರುವಾಗುವ ಮುಂಚೆಯೇ ಮಾಡಬೇಕಾದ ಕೆಲಸ

ಹೇ ಫೀವರ್ (ಪರಾಗದ ಅಲರ್ಜಿ) ಇರುವವರಲ್ಲಿ ಹೆಚ್ಚಿನವರು ಔಷಧ ಹುಡುಕುವುದು ಮೂಗು ಸೋರಲು ಶುರುವಾದ ಮೇಲೆ. ಅಷ್ಟರಲ್ಲಿ ತಡವಾಗಿರುತ್ತದೆ. ಗಾಳಿಯಲ್ಲಿ ತೇಲಿ ಬಂದ ಪರಾಗವನ್ನು ದೇಹ ಶತ್ರು ಎಂದುಕೊಂಡು ಹಿಸ್ಟಮಿನ್ ಎಂಬ ರಾಸಾಯನಿಕ ಬಿಡುತ್ತದೆ. ತುರಿಕೆ, ಸೀನು, ಕಣ್ಣಲ್ಲಿ ನೀರು ಎಲ್ಲ ಅದರದೇ ಕಾರುಬಾರು. ಕೆಲವು ದಿನ ಹೀಗೇ ನಡೆದರೆ ಮೂಗಿನ ಒಳಪದರ ಊದಿಕೊಳ್ಳುತ್ತದೆ. ಆಮೇಲೆ ಚೂರೇ ಚೂರು ಪರಾಗ ತಾಗಿದರೂ ಸಾಕು, ಮತ್ತೆ ಶುರು. ಅದಕ್ಕೇ ಇಲ್ಲಿ ಔಷಧಕ್ಕಿಂತ ಅದನ್ನು ಶುರು ಮಾಡುವ ಸಮಯ ದೊಡ್ಡದು.

1. ಇದು ನೆಗಡಿಯೋ ಅಲರ್ಜಿಯೋ ನೋಡಿ

ನೆಗಡಿ ಒಂದು ವಾರ, ಹತ್ತು ದಿನದಲ್ಲಿ ಹೋಗುತ್ತದೆ. ಹೇ ಫೀವರ್ ವಾರಗಟ್ಟಲೆ ಕಾಡುತ್ತದೆ, ಪ್ರತಿ ವರ್ಷ ಹೆಚ್ಚುಕಡಿಮೆ ಅದೇ ಕಾಲಕ್ಕೆ ಬರುತ್ತದೆ. ಸಿಂಬಳ ನೀರಿನಂತೆ ತೆಳ್ಳಗಿರುತ್ತದೆ. ಜ್ವರ ಬರುವುದಿಲ್ಲ. ಮುಖ್ಯ ಗುರುತು ತುರಿಕೆ: ಮೂಗು, ಕಣ್ಣು, ಅಂಗುಳ, ಕೆಲವರಿಗೆ ಕಿವಿಯೊಳಗೂ.

2. ನಿಮ್ಮ ದಿನಾಂಕ ಬರೆದಿಡಿ

ಈ ವರ್ಷ ಮೊದಲ ಸಲ ಕಣ್ಣು ತುರಿಸಿದ್ದು ಯಾವತ್ತು ಎಂದು ಫೋನಿನಲ್ಲಿ ಬರೆದಿಡಿ. ಮುಂದಿನ ವರ್ಷ ಅದಕ್ಕೆ ಎರಡು ವಾರ ಮೊದಲು ಮೂಗಿನ ಸ್ಪ್ರೇ ಶುರು ಮಾಡಲು ನೆನಪಿಸುವಂತೆ ಅಲಾರಂ ಇಡಿ. ಮರ, ಹುಲ್ಲು, ಕಳೆ, ಒಂದೊಂದರ ಪರಾಗಕ್ಕೂ ಒಂದೊಂದು ಕಾಲವಿದೆ. ಹಾಗಾಗಿ ಈ ದಿನಾಂಕದಿಂದ ನಿಮ್ಮನ್ನು ಕಾಡುವುದು ಯಾವುದು ಎಂಬ ಸುಳಿವೂ ಸಿಗುತ್ತದೆ. ಅಂದಹಾಗೆ, ಬಣ್ಣಬಣ್ಣದ ಹೂವನ್ನು ಸುಮ್ನೆ ಬೈಯಬೇಡಿ. ಅವುಗಳ ಪರಾಗ ಭಾರ, ಅಂಟು. ಅದನ್ನು ಸಾಗಿಸುವುದು ಕೀಟಗಳು. ನಮ್ಮ ಮೂಗಿಗೆ ಬರುವುದು ಯಾರೂ ತಿರುಗಿ ನೋಡದ ಹೂವುಗಳ ಹಗುರ ಪರಾಗ. ಊರಿನ ಜೇನು ತಿಂದರೆ ಅಲರ್ಜಿ ಹೋಗುತ್ತದೆ ಎಂಬ ಮಾತಿಗೆ ಗಟ್ಟಿ ಆಧಾರವಿಲ್ಲದಿರಲು ಇದೂ ಒಂದು ಕಾರಣ.

3. ಮೂಗಿನ ಸ್ಪ್ರೇ: ಮೊದಲೇ ಶುರು ಮಾಡಿ, ಸರಿಯಾಗಿ ಹಾಕಿ

ಫ್ಲುಟಿಕಾಸೋನ್, ಮೊಮೆಟಾಸೋನ್, ಬುಡೆಸೊನೈಡ್. ಇವು ಸ್ಟೀರಾಯ್ಡ್ ಸ್ಪ್ರೇಗಳು. ಕಟ್ಟಿದ ಮೂಗಿಗೆ ಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡುವುದು ಇವೇ. ಸ್ಟೀರಾಯ್ಡ್ ಎಂದಾಕ್ಷಣ ಗಾಬರಿ ಬೇಡ, ಹೇಳಿದ ಪ್ರಮಾಣದಲ್ಲಿ ಹಾಕಿದರೆ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಆದರೆ ಪೂರ್ತಿ ಪರಿಣಾಮ ಕಾಣಲು ಎರಡು ವಾರದವರೆಗೂ ಹಿಡಿಯಬಹುದು. ಮೂರು ದಿನ ಹಾಕಿ 'ಪ್ರಯೋಜನ ಇಲ್ಲ' ಎಂದು ಎತ್ತಿಡುವವರೇ ಜಾಸ್ತಿ.

ಹಾಕುವ ರೀತಿ ಹೀಗೆ. ಮೊದಲು ಸಿಂಬಳ ತೆಗೆದು ಮೂಗು ಖಾಲಿ ಮಾಡಿಕೊಳ್ಳಿ. ಬಾಟಲಿ ಕುಲುಕಿ. ತಲೆಯನ್ನು ಹಿಂದಕ್ಕಲ್ಲ, ಸ್ವಲ್ಪ ಮುಂದಕ್ಕೆ ಬಾಗಿಸಿ. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ ಬಳಸಿ. ಆಗ ತುದಿ ತಾನಾಗಿಯೇ ಕಿವಿಯ ಕಡೆಗೆ ತಿರುಗುತ್ತದೆ. ನಡುವಿನ ಗೋಡೆಗೆ ಸಿಂಪಡಿಸಿದರೆ ಅಲ್ಲಿ ಒಣಗಿ ರಕ್ತ ಬರಬಹುದು. ಒತ್ತುವಾಗ ಮೆಲ್ಲಗೆ ಉಸಿರೆಳೆದರೆ ಸಾಕು. ಜೋರಾಗಿ ಎಳೆದರೆ ಔಷಧ ನೇರ ಗಂಟಲಿಗೆ. ಬಾಯಿಗೆ ಕಹಿ ಬಂತು ಅಂದರೆ ಜೋರಾಯಿತು ಎಂದೇ ಅರ್ಥ. ಪರಾಗದ ಕಾಲ ಮುಗಿಯುವವರೆಗೆ ದಿನವೂ ಹಾಕಿ, ಆರಾಮ ಅನಿಸಿದ ದಿನವೂ.

ಅಂಗಡಿಯಲ್ಲಿ ಪಕ್ಕದಲ್ಲೇ ಸಿಗುವ ಆಕ್ಸಿಮೆಟಾಜೋಲಿನ್, ಜೈಲೋಮೆಟಾಜೋಲಿನ್ ಬೇರೆಯೇ ಜಾತಿ. ನಿಮಿಷಗಳಲ್ಲಿ ಮೂಗು ಬಿಡಿಸುತ್ತವೆ, ಆದರೆ ಕೆಲವೇ ದಿನ ಬಳಸಬೇಕು. ಮುಂದುವರಿಸಿದರೆ ಬಿಟ್ಟ ಕೂಡಲೇ ಮೂಗು ಮೊದಲಿಗಿಂತ ಜೋರಾಗಿ ಕಟ್ಟುತ್ತದೆ.

4. ಮಾತ್ರೆ

ಸೀನು, ತುರಿಕೆಗೆ ಸೆಟಿರಿಜಿನ್, ಲೊರಾಟಡಿನ್, ಫೆಕ್ಸೊಫೆನಡಿನ್ ಸಾಕು. ಕ್ಲೋರ್‌ಫೆನಿರಮಿನ್‌ನಂಥ ಹಳೆಯವು ನಿದ್ದೆ ತರಿಸುತ್ತವೆ, ನುಂಗಿ ಗಾಡಿ ಓಡಿಸಬೇಡಿ. ಸೆಟಿರಿಜಿನ್ ಕೂಡ ಕೆಲವರಿಗೆ ಮಂಪರು ತರಿಸುತ್ತದೆ. ಫೆಕ್ಸೊಫೆನಡಿನ್ ಅನ್ನು ನೀರಿನಲ್ಲೇ ನುಂಗಿ, ಹಣ್ಣಿನ ರಸದ ಜೊತೆ ತೆಗೆದುಕೊಂಡರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಮಕ್ಕಳಿಗೆ, ಗರ್ಭಿಣಿಯರಿಗೆ, ಬೇರೆ ಔಷಧ ತೆಗೆದುಕೊಳ್ಳುವವರಿಗೆ ವೈದ್ಯರನ್ನು ಕೇಳಿಯೇ ಕೊಡಿ.

5. ಮೂಗು ತೊಳೆಯುವುದಾದರೆ

ಉಪ್ಪುನೀರು ಒಳಗೆ ಕೂತ ಪರಾಗವನ್ನು ತೊಳೆದು ಹಾಕುತ್ತದೆ. ನೀರನ್ನು ಕುದಿಸಿ ಆರಿಸಿರಬೇಕು, ಇಲ್ಲವೇ ಡಿಸ್ಟಿಲ್ಡ್ ಆಗಿರಬೇಕು. ಕುದಿಸದ ನಲ್ಲಿ ನೀರು ಬೇಡವೇ ಬೇಡ. ಅಪರೂಪಕ್ಕೆ ಅದರಲ್ಲಿರುವ ಅಮೀಬಾ ಮೂಗಿನಿಂದ ಮಿದುಳಿಗೆ ಹೋಗಿ ಜೀವ ತೆಗೆದದ್ದಿದೆ. ಸುಮಾರು 240 ಮಿಲಿ ನೀರಿಗೆ ಅಯೋಡಿನ್ ಇಲ್ಲದ ಉಪ್ಪು ಅರ್ಧ ಟೀ ಚಮಚ. ಸ್ಪ್ರೇ ಹಾಕುವವರು ಮೊದಲು ತೊಳೆಯಿರಿ, ಸ್ವಲ್ಪ ಹೊತ್ತು ಬಿಟ್ಟು ಸ್ಪ್ರೇ ಹಾಕಿ. ಉಲ್ಟಾ ಮಾಡಿದರೆ ಔಷಧವೂ ತೊಳೆದು ಹೋಗುತ್ತದೆ, ಅಲ್ವಾ?

6. ಪರಾಗವನ್ನು ಬಾಗಿಲಲ್ಲೇ ತಡೆಯಿರಿ

ಒಣ ಹವೆ, ಜೋರು ಗಾಳಿಯ ದಿನ ಕಿಟಕಿ ಮುಚ್ಚಿಡಿ. ಹೊರಗೆ ಹೋಗುವಾಗ ಮಾಸ್ಕ್, ಅಗಲವಾದ ಕನ್ನಡಕ ಹಾಕಿಕೊಳ್ಳಿ. ಬಂದ ಮೇಲೆ ಬಟ್ಟೆ ಬದಲಿಸಿ, ತಲೆಗೂದಲು ತೊಳೆಯಿರಿ. ಇಲ್ಲದಿದ್ದರೆ ರಾತ್ರಿ ಪೂರ್ತಿ ದಿಂಬಿನ ಮೇಲಿನ ಪರಾಗದಲ್ಲೇ ಮಲಗಿರುತ್ತೀರಿ. ಒಗೆದ ಬಟ್ಟೆ ಒಳಗೇ ಒಣಗಲಿ.

ಮಳೆ ಬಂದರೆ ಗಾಳಿ ಶುದ್ಧವಾಗುತ್ತದೆ, ನಿಜ. ಗುಡುಗು ಮಳೆಯನ್ನು ಮಾತ್ರ ನಂಬಬೇಡಿ. ಅದರ ತೇವಕ್ಕೆ ಪರಾಗದ ಕಣ ಒಡೆದು, ಶ್ವಾಸಕೋಶದ ಆಳಕ್ಕೆ ಇಳಿಯುವಷ್ಟು ಸಣ್ಣ ಚೂರುಗಳಾಗುತ್ತವೆ. 2016ರ ನವೆಂಬರ್ 21ರಂದು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಹೀಗೇ ಆಯಿತು. ಸಾವಿರಾರು ಜನ ಉಸಿರಾಡಲಾಗದೆ ಆಸ್ಪತ್ರೆಗೆ ಓಡಿದರು, 10 ಮಂದಿ ಸತ್ತರು. ಅಂದು ತೊಂದರೆಯಾದವರಲ್ಲಿ ಬಹಳ ಜನರಿಗೆ ಮೊದಲೇ ಹೇ ಫೀವರ್ ಇತ್ತು.

7. ವೈದ್ಯರ ಬಳಿ ಯಾವಾಗ?

ಎದೆ ಬಿಗಿಯುತ್ತಿದ್ದರೆ, ಉಸಿರಾಡುವಾಗ ಸುಂಯ್ ಎಂಬ ಸದ್ದು ಬಂದರೆ ತಡ ಮಾಡಬೇಡಿ, ಅದು ಆಸ್ತಮಾ ಇರಬಹುದು. ಸ್ಪ್ರೇಯನ್ನು ಸರಿಯಾಗಿ ಹಾಕಿಯೂ ನಿದ್ದೆ, ಕೆಲಸ ಕೆಡುತ್ತಿದ್ದರೆ ಇಮ್ಯುನೊಥೆರಪಿ ಬಗ್ಗೆ ಕೇಳಿ. ಅಲರ್ಜಿ ತರುವ ವಸ್ತುವನ್ನೇ ಸಣ್ಣ ಪ್ರಮಾಣದಲ್ಲಿ ಕೊಟ್ಟು ದೇಹವನ್ನು ಒಗ್ಗಿಸುವ ಚಿಕಿತ್ಸೆ ಇದು. ಚುಚ್ಚುಮದ್ದು, ನಾಲಿಗೆಯಡಿ ಇಡುವ ಮಾತ್ರೆ ಎರಡೂ ಇವೆ. ಸಾಮಾನ್ಯವಾಗಿ ಮೂರು ವರ್ಷ ಬೇಕು. ಇದನ್ನೂ ಪರಾಗದ ಕಾಲಕ್ಕೆ ತಿಂಗಳುಗಳ ಮೊದಲೇ ಶುರು ಮಾಡುವುದು ರೂಢಿ. ಅದಕ್ಕೂ ಮುಂಚೆ ಸಾಮಾನ್ಯವಾಗಿ ಚರ್ಮದ ಪರೀಕ್ಷೆ ಆಗಬೇಕು. ಅಲರ್ಜಿ ಮಾತ್ರೆ ನುಂಗುತ್ತಿದ್ದರೆ ಪರೀಕ್ಷೆಯ ಫಲಿತಾಂಶ ತಪ್ಪಾಗುತ್ತದೆ. ಎಷ್ಟು ದಿನ ಮೊದಲು ನಿಲ್ಲಿಸಬೇಕು ಎಂದು ಪರೀಕ್ಷೆಯ ದಿನ ಗೊತ್ತುಮಾಡುವಾಗಲೇ ಕೇಳಿಕೊಳ್ಳಿ.