ಹಿತ್ತಲಲ್ಲಿ ದ್ರಾಕ್ಷಿ: ಏಪ್ರಿಲ್‌ನಲ್ಲಿ ಕತ್ತರಿ, ಮಾರ್ಚ್‌ನಲ್ಲಿ ಹಣ್ಣು

ಪುಣೆಯಲ್ಲಿ ಮನೆ ಹಿಂದೆ ದ್ರಾಕ್ಷಿ ಬಳ್ಳಿ ಹಚ್ಚಿದವರಿಂದ ಹೆಚ್ಚಾಗಿ ಕೇಳಿಬರುವ ದೂರು ಒಂದೇ. ಬಳ್ಳಿ ಸೊಂಪಾಗಿದೆ, ಎಲೆ ಚಪ್ಪರ ತುಂಬಿದೆ, ಹಣ್ಣು ಮಾತ್ರ ಇಲ್ಲ. ಆಗ ಗೊಬ್ಬರ ಹಾಕುತ್ತಾರೆ, ನೀರು ಜಾಸ್ತಿ ಬಿಡುತ್ತಾರೆ. ಎಲೆ ಇನ್ನಷ್ಟು ಬರುತ್ತದೆ, ಅಷ್ಟೇ. ಇಂಥ ಮನೆಗಳಲ್ಲಿ ಬಹಳ ಸಲ ಕಾಣುವ ತಪ್ಪು ಏಪ್ರಿಲ್‌ನಲ್ಲಿ ಬಳ್ಳಿಯನ್ನು ಕತ್ತರಿಸದೆ ಬಿಟ್ಟಿರುವುದು.

ಚಳಿ ದೇಶಗಳಲ್ಲಿ ದ್ರಾಕ್ಷಿ ಬಳ್ಳಿ ಎಲೆ ಉದುರಿಸಿ ಚಳಿಗಾಲವಿಡೀ ಮಲಗುತ್ತದೆ. ಅಲ್ಲಿ ವರ್ಷಕ್ಕೆ ಒಂದು ಸಲ ಕತ್ತರಿಸಿದರೆ ಸಾಕು. ನಮ್ಮ ಕಡೆ ಬಳ್ಳಿಗೆ ಆ ನಿದ್ದೆಯೇ ಇಲ್ಲ. ಅದಕ್ಕೇ ನಾಸಿಕ್, ಸಾಂಗಲಿ, ಸೋಲಾಪುರ, ವಿಜಯಪುರದ ಬೆಳೆಗಾರರು ವರ್ಷಕ್ಕೆ ಎರಡು ಸಲ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಮಾಡುತ್ತಾರೆ: ಏಪ್ರಿಲ್‌ನಲ್ಲಿ ಒಂದು, ಅಕ್ಟೋಬರ್‌ನಲ್ಲಿ ಇನ್ನೊಂದು. ಪುಣೆಯ ಹಿತ್ತಲಿಗೂ ಇದೇ ಲೆಕ್ಕ.

ಯಾವ ತಳಿ, ಎಲ್ಲಿ ನೆಡುವುದು

ಮೊದಲು ಬಿಸಿಲು ನೋಡಿ. ದಿನಕ್ಕೆ ಕನಿಷ್ಠ 6 ತಾಸು ನೇರ ಬಿಸಿಲು ಬೀಳದ ಜಾಗದಲ್ಲಿ ದ್ರಾಕ್ಷಿ ನೆಡಲೇಬೇಡಿ. ಎರಡು ಕಟ್ಟಡಗಳ ನಡುವಿನ ಸಂದಿಯಲ್ಲಿ ಬಳ್ಳಿ ಬದುಕುತ್ತದೆ, ಹಣ್ಣು ಕೊಡುವುದಿಲ್ಲ.

ತಿನ್ನಲು ಬೀಜವಿಲ್ಲದ ಹಣ್ಣು ಬೇಕಾದರೆ ಥಾಮ್ಸನ್ ಸೀಡ್‌ಲೆಸ್, ತಾಸ್‌ಗಾಂವ್ ಕಡೆಯ ತಾಸ್-ಎ-ಗಣೇಶ್ ಅಥವಾ ಕಪ್ಪು ಹಣ್ಣಿನ ಶರದ್ ಸೀಡ್‌ಲೆಸ್ ಸಿಗುತ್ತವೆ. ರಸಕ್ಕಾಗಿಯೇ ಬೇಕೆಂದರೆ ಬೆಂಗಳೂರು ಬ್ಲೂ ಒಳ್ಳೆಯದು. ಬೀಜ ಇರುತ್ತದೆ, ಸಿಪ್ಪೆ ದಪ್ಪ, ಆದರೆ ಆ ಪರಿಮಳ ಬೇರೆ ಯಾವ ದ್ರಾಕ್ಷಿಗೂ ಇಲ್ಲ. ಪುಣೆಯ ಮಂಜರಿಯಲ್ಲಿರುವ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ರಸಕ್ಕೆಂದೇ ಮಂಜರಿ ಮೇಡಿಕಾ ಎಂಬ ತಳಿ ತಂದಿದೆ. ಅದರ ತಿರುಳೇ ಕೆಂಪು. ಬೀಜವಿಲ್ಲದ ತಳಿ ಕೊಳ್ಳುವಾಗ ಡಾಗ್‌ರಿಜ್ ಎಂಬ ಗಟ್ಟಿ ದ್ರಾಕ್ಷಿ ತಳಿಯ ಬೇರಿನ ಮೇಲೆ ಕಸಿ ಮಾಡಿದ ಸಸಿಯನ್ನೇ ಕೇಳಿ. ಬೋರ್‌ವೆಲ್ಲಿನ ಉಪ್ಪುನೀರನ್ನೂ ಬರವನ್ನೂ ಅದು ತಡೆದುಕೊಳ್ಳುತ್ತದೆ. ಸೋಲಾಪುರ ರಸ್ತೆಯಲ್ಲಿ ಉರುಳಿ ಕಾಂಚನದವರೆಗೂ ಸಾಲಾಗಿ ನರ್ಸರಿಗಳಿವೆ. ಅಲ್ಲಿ ನಿಂತು ವಿಚಾರಿಸಿ.

ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ನೆಡಿ. ಎರಡು ಅಡಿ ಉದ್ದ, ಅಗಲ, ಆಳದ ಗುಂಡಿ ಸಾಕು. ನಿಮ್ಮದು ಕಪ್ಪು ಮಣ್ಣಾದರೆ ಅರ್ಧದಷ್ಟು ಮುರುಮು (ಗರಸು ಮಣ್ಣು) ಬೆರೆಸಿ, ಜೊತೆಗೆ ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಹಾಕಿ. ದ್ರಾಕ್ಷಿ ಬೇರಿಗೆ ನಿಂತ ನೀರು ಆಗುವುದೇ ಇಲ್ಲ. ಕಸಿ ಗಂಟು ಮಣ್ಣಿನ ಮೇಲೇ ಇರಲಿ.

ಚಪ್ಪರ ಆರೂವರೆ ಅಡಿ ಎತ್ತರ ಇದ್ದರೆ ಕೆಳಗೆ ಓಡಾಡಬಹುದು. ಜಿಐ ಪೈಪಿನ ಕಂಬ ನಿಲ್ಲಿಸಿ, ಮೇಲೆ ಒಂದೂವರೆ ಅಡಿಗೊಂದು ತಂತಿ ಎಳೆಯಿರಿ. ಒಂದು ಬಳ್ಳಿಗೆ 8 ಅಡಿಗೆ 8 ಅಡಿ ಜಾಗ ಧಾರಾಳ. ಗಟ್ಟಿಯಾದ ಒಂದೇ ಚಿಗುರನ್ನು ಕೋಲಿಗೆ ಕಟ್ಟಿ ಮೇಲೇರಿಸಿ, ಉಳಿದದ್ದೆಲ್ಲ ತೆಗೆಯಿರಿ. ತಂತಿ ಮುಟ್ಟುವ ಮೊದಲು ತುದಿ ಚಿವುಟಿ. ಪಕ್ಕದಿಂದ ಬರುವ ಎರಡು ಚಿಗುರುಗಳನ್ನು ಎಡಕ್ಕೊಂದು ಬಲಕ್ಕೊಂದು ಹರಡಿ. ಇವೇ ಬಳ್ಳಿಯ ಕಾಯಂ ತೋಳುಗಳು. ಮೊದಲ ವರ್ಷ ಇಷ್ಟೇ ಕೆಲಸ, ಹಣ್ಣಿನ ಆಸೆ ಬೇಡ.

ಏಪ್ರಿಲ್ ಚಾಟ್ನಿ

ಮುಂದಿನ ಏಪ್ರಿಲ್ ಬಂತು. ತೋಳಿನ ಮೇಲಿನ ಪ್ರತಿ ಕಡ್ಡಿಯನ್ನೂ ಒಂದು ಕಣ್ಣು (ಚಿಗುರು ಒಡೆಯುವ ಮೊಗ್ಗು) ಮಾತ್ರ ಉಳಿಸಿ ಕತ್ತರಿಸಿ. ಹೌದು, ಹಸಿರು ಎಲ್ಲವೂ ಹೋಗುತ್ತದೆ. ಚಪ್ಪರ ಬೋಳಾಗಿ ಕಾಣುತ್ತದೆ, ಮನೆಯವರು ಅಯ್ಯೋ ಎನ್ನುತ್ತಾರೆ. ಧೈರ್ಯವಾಗಿ ಕತ್ತರಿಸಿ. ಹತ್ತು-ಹದಿನೈದು ದಿನದಲ್ಲಿ ಹೊಸ ಚಿಗುರು ಒಡೆಯುತ್ತದೆ.

ಮುಖ್ಯವಾದದ್ದು ಇನ್ನು ಮುಂದಿದೆ. ಮುಂದಿನ ಮಾರ್ಚ್‌ನಲ್ಲಿ ನೀವು ಕೀಳುವ ಗೊಂಚಲು ಹುಟ್ಟುವುದು ಈಗ, ಈ ಎಳೆ ಕಡ್ಡಿಯ ಕಣ್ಣಿನೊಳಗೆ. ಚಾಟ್ನಿ ಆದ ಸುಮಾರು 40ರಿಂದ 60 ದಿನಗಳ ನಡುವೆ, ಅಂದರೆ ಮೇ ಕೊನೆಯಿಂದ ಜೂನ್‌ವರೆಗೆ, ಕಣ್ಣಿನೊಳಗೆ ಸಣ್ಣ ಮೊಳಕೆಯೊಂದು ರೂಪ ಪಡೆಯುತ್ತಿರುತ್ತದೆ. ಅದೇ ಮೊಳಕೆ ಹೂಗೊಂಚಲೂ ಆಗಬಹುದು, ಬರೀ ಹಬ್ಬುಕುಡಿಯೂ ಆಗಬಹುದು. ಬಿಸಿಲು ಚೆನ್ನಾಗಿ ಬಿದ್ದು, ನೀರು ಹಿತಮಿತವಾಗಿದ್ದರೆ ಗೊಂಚಲು. ನೆರಳು, ಜಾಸ್ತಿ ನೀರು, ಜಾಸ್ತಿ ಯೂರಿಯಾ ಆದರೆ ಕುಡಿ. ಎಲೆ ಸೊಂಪಾದ ಬಳ್ಳಿ ಯಾಕೆ ಬಂಜೆಯಾಗಿ ಉಳಿಯುತ್ತದೆ ಅಂತ ಈಗ ಗೊತ್ತಾಯಿತಲ್ವಾ?

ಆದ್ದರಿಂದ ಮೇ ತಿಂಗಳಲ್ಲಿ ಚಪ್ಪರವನ್ನು ವಾರಕ್ಕೊಮ್ಮೆ ನೋಡಿ. ಬಡಕಲು ಚಿಗುರು ತೆಗೆಯಿರಿ, ಕಡ್ಡಿಗಳ ನಡುವೆ ಅಂಗೈ ಅಗಲದ ಜಾಗ ಇರಲಿ. ಚಿಗುರಿಗೆ ಏಳು ಎಲೆ ಬಂದಾಗ ತುದಿ ಚಿವುಟಿ. ಅಲ್ಲಿಂದ ಬರುವ ಉಪಚಿಗುರಿಗೆ ಐದು ಎಲೆ ಆದಾಗ ಮತ್ತೆ ಚಿವುಟಿ. ಕಣ್ಣು ತುಂಬಿಕೊಳ್ಳಲು ಇದು ಬಹಳ ಸಹಾಯ ಮಾಡುತ್ತದೆ. ಕಡ್ಡಿ ಹಸಿರಿನಿಂದ ಕಂದಾದರೆ ಬಲಿತಿದೆ ಎಂದರ್ಥ. ಮಳೆಗಾಲದಲ್ಲಿ ಸುಮ್ನೆ ಬಿಡಿ, ರೋಗ ಬಂದ ಎಲೆ ಮಾತ್ರ ತೆಗೆಯುತ್ತಿರಿ.

ಅಕ್ಟೋಬರ್ ಚಾಟ್ನಿ, ಮತ್ತು ಬೂಜು

ದಸರಾ ಕಳೆದು ಮಳೆ ಪೂರ್ತಿ ನಿಂತ ಮೇಲೆ ಎರಡನೇ ಚಾಟ್ನಿ. ಅದಕ್ಕೆ ಹತ್ತು ದಿನ ಮೊದಲು ನೀರು ಕಡಿಮೆ ಮಾಡಿ, ಎಲೆ ಕಿತ್ತು ಹಾಕಿ. ಈ ಸಲ ಕಡ್ಡಿಯನ್ನು ಬೋಳಿಸಬಾರದು. ಥಾಮ್ಸನ್ ಜಾತಿಯಲ್ಲಿ 6ರಿಂದ 8 ಕಣ್ಣು ಬಿಟ್ಟು, ನೀವು ಮೊದಲು ಚಿವುಟಿದ ಗಂಟಿನ ಒಂದು ಕಣ್ಣು ಆಚೆಗೆ ಕತ್ತರಿಸಿ. ಹೊಲದಲ್ಲಿ ಕಣ್ಣು ಒಟ್ಟಿಗೆ ಒಡೆಯಲೆಂದು ಹೈಡ್ರೋಜನ್ ಸೈನಮೈಡ್ ಹಚ್ಚುತ್ತಾರೆ. ಅದು ವಿಷ, ಮನೆ ಹತ್ತಿರ ತರಲೇಬೇಡಿ. ಹಿಂದೆ ಮುಂದೆ ಒಡೆದರೆ ಹಣ್ಣೂ ಹಿಂದೆ ಮುಂದೆ ಬರುತ್ತದೆ. ಮನೆಗೆ ಅದೇ ಅನುಕೂಲ.

ಚಿಗುರಿದ ಮೇಲೆ ಅಕಾಲದ ಮಳೆ ಬಿತ್ತೆಂದರೆ ಎಲೆಯ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಹಳದಿ ಕಲೆ, ಕೆಳಗೆ ಬಿಳಿ ಬೂಜು ಕಾಣುತ್ತದೆ. ಇದು ಡೌನಿ ಎಂಬ ಬೂಜು ರೋಗ. ಎರಡು ದಿನ ತಡ ಮಾಡಿದರೂ ಹೂಗೊಂಚಲು ಸುಟ್ಟುಹೋಗುತ್ತದೆ. ಮೋಡ ಕಂಡಾಗಲೇ ಶೇ 1ರ ಬೋರ್ಡೋ ದ್ರಾವಣ ಸಿಂಪಡಿಸಿ. 100 ಗ್ರಾಂ ಮೈಲುತುತ್ತವನ್ನು 5 ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನೊಂದು 5 ಲೀಟರ್‌ನಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ ಕರಗಿಸಿ. ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿದು ಕಲಕಿ. ಹೊಳೆಯುವ ಕಬ್ಬಿಣದ ಮೊಳೆಯೊಂದನ್ನು ಅದ್ದಿ ನೋಡಿ. ಮೊಳೆಗೆ ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಅದೇ ದಿನ ಬಳಸಿ ಮುಗಿಸಿ. ಡಿಸೆಂಬರ್-ಜನವರಿಯ ಒಣ ಚಳಿಗೆ ಬರುವ ಬೂದಿರೋಗಕ್ಕೆ ನೀರಿನಲ್ಲಿ ಕರಗುವ ಗಂಧಕ, ಲೀಟರಿಗೆ 2 ಗ್ರಾಂ. ಕಾಯಿ ಮೆತ್ತಗಾಗತೊಡಗಿದ ಮೇಲೆ ಯಾವ ಔಷಧಿಯೂ ಬೇಡ.

ಒಂದು ಮಾತು ಮೊದಲೇ ತಿಳಿದಿರಲಿ. ಅಂಗಡಿಯ ಸೀಡ್‌ಲೆಸ್ ಹಣ್ಣು ಅಷ್ಟು ದಪ್ಪ ಇರುವುದು ಜಿಬ್ಬರೆಲಿಕ್ ಆಮ್ಲ ಎಂಬ ಬೆಳವಣಿಗೆಯ ಹಾರ್ಮೋನಿನಿಂದ. ಅದಿಲ್ಲದ ನಿಮ್ಮ ಹಣ್ಣು ಸಣ್ಣದಾಗಿಯೇ ಇರುತ್ತದೆ, ಸಿಹಿಗೇನೂ ಕೊರತೆ ಇಲ್ಲ. ಕಾಯಿ ಬಟಾಣಿಗಿಂತ ಚಿಕ್ಕದಿದ್ದಾಗಲೇ ಗೊಂಚಲಿನಿಂದ ಮೂರನೇ ಒಂದು ಭಾಗ ಕಾಯಿ ಕತ್ತರಿಸಿ ತೆಗೆದರೆ ಉಳಿದವು ಬಲಿಯುತ್ತವೆ. ಬಣ್ಣ ಬರುವ ಮೊದಲು ಬಲೆ ಕಟ್ಟಿ, ಇಲ್ಲದಿದ್ದರೆ ಪಿಕಳಾರ ಹಕ್ಕಿಗಳು ನಿಮಗಿಂತ ಮೊದಲು ಬರುತ್ತವೆ.

ಫೆಬ್ರವರಿ ಕೊನೆಯಿಂದ ಹಣ್ಣು. ದ್ರಾಕ್ಷಿ ಕಿತ್ತ ಮೇಲೆ ಮಾಗುವುದಿಲ್ಲ, ಆದ್ದರಿಂದ ಗೊಂಚಲಿನ ತುದಿಯ ಹಣ್ಣು ತಿಂದು ನೋಡಿ. ಅದು ಸಿಹಿ ಇದ್ದರೆ ಮೇಲಿನದೆಲ್ಲ ಸಿಹಿ. ಚೆನ್ನಾಗಿ ನೋಡಿಕೊಂಡ ಬಳ್ಳಿ ಎಂಟು-ಹತ್ತು ಕಿಲೋ ಕೊಡುತ್ತದೆ.

ಬಾಟಲಿಗೆ ಏನು ತುಂಬುವುದು

ವೈನ್ ಮಾಡೋಣವೇ ಎಂದು ಬಹಳ ಜನ ಕೇಳುತ್ತಾರೆ. ಮಹಾರಾಷ್ಟ್ರದಲ್ಲಿ 1949ರ ಮದ್ಯನಿಷೇಧ ಕಾಯ್ದೆ ಇವತ್ತಿಗೂ ಜಾರಿಯಲ್ಲಿದೆ. ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ, ವೈನ್ ಕೂಡ ಅದರಲ್ಲಿ ಸೇರುತ್ತದೆ. ಮನೆ ಬಳಕೆಗೆ ನಾನು ಹೇಳುವುದು ರಸವನ್ನೇ. ಬೆಂಗಳೂರು ಬ್ಲೂ ರಸದ ಎದುರು ಯಾವ ಪ್ಯಾಕೆಟ್ ಜ್ಯೂಸೂ ನಿಲ್ಲುವುದಿಲ್ಲ.

ಹಣ್ಣು ತೊಳೆದು, ತೊಟ್ಟಿನಿಂದ ಬಿಡಿಸಿ, ಸ್ಟೀಲ್ ಪಾತ್ರೆಯಲ್ಲಿ ಕೈಯಿಂದ ಹಿಸುಕಿ. ಮಿಕ್ಸಿ ಬೇಡ, ಬೀಜ ಒಡೆದರೆ ಒಗರು. ಅಲ್ಯೂಮಿನಿಯಂ, ಹಿತ್ತಾಳೆ ಪಾತ್ರೆಯೂ ಬೇಡ, ಹುಳಿ ಅದನ್ನು ತಿನ್ನುತ್ತದೆ. ನೀರು ಹಾಕದೆ ಸಣ್ಣ ಉರಿಯಲ್ಲಿ ಹತ್ತು-ಹದಿನೈದು ನಿಮಿಷ ಬಿಸಿ ಮಾಡಿ. ಕುದಿಯಬಾರದು, ಹಬೆ ಏಳುತ್ತಿದ್ದರೆ ಸಾಕು. ಸಿಪ್ಪೆಯ ಬಣ್ಣವೆಲ್ಲ ರಸಕ್ಕೆ ಇಳಿಯುವುದು ಈ ಬಿಸಿಯಲ್ಲೇ. ತೆಳು ಬಟ್ಟೆಯಲ್ಲಿ ಸೋಸಿ, ಫ್ರಿಜ್‌ನಲ್ಲಿ ಎರಡು ರಾತ್ರಿ ಅಲುಗಾಡಿಸದೆ ಇಡಿ. ತಳದಲ್ಲಿ ಗಾಜಿನ ಚೂರಿನಂಥ ಹರಳು ಕೂತಿರುತ್ತದೆ. ಹೆದರಬೇಡಿ, ಅದು ದ್ರಾಕ್ಷಿಯದೇ ಹುಳಿ ಉಪ್ಪು, ಟಾರ್ಟರ್. ಮೇಲಿನ ತಿಳಿ ರಸವನ್ನು ಮಾತ್ರ ಬಗ್ಗಿಸಿಕೊಳ್ಳಿ.

ಕುದಿಸಿ ಒಣಗಿಸಿದ ಗಾಜಿನ ಬಾಟಲಿಗೆ, ಮೇಲೆ ಒಂದಿಂಚು ಬಿಟ್ಟು, ರಸ ತುಂಬಿ. ದೊಡ್ಡ ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ, ಬಾಟಲಿಗಳನ್ನು ನಿಲ್ಲಿಸಿ, ಕತ್ತಿನವರೆಗೂ ನೀರು ಹಾಕಿ, 80ರಿಂದ 85 ಡಿಗ್ರಿಯಲ್ಲಿ ಅರ್ಧ ತಾಸು ಇಟ್ಟು ಮುಚ್ಚಳ ಬಿಗಿ ಮಾಡಿ. ಫ್ರಿಜ್‌ನಲ್ಲೇ ಇಡಿ. ತೆರೆದ ಬಾಟಲಿ ಮೂರು ದಿನದಲ್ಲಿ ಖಾಲಿಯಾಗಬೇಕು. ಬಾಟಲಿ ತೆರೆದಾಗ ಬುಸ್ ಎಂದರೆ, ನೊರೆ ಕಂಡರೆ, ಒಳಗೆ ಹುದುಗು ಶುರುವಾಗಿದೆ. ಅದನ್ನು ಚೆಲ್ಲಿಬಿಡಿ. ಅಂಥ ಬಾಟಲಿಯಲ್ಲಿ ಅನಿಲ ಒತ್ತಿಕೊಂಡು ಗಾಜು ಒಡೆಯುವ ಅಪಾಯವಿದೆ. ಕುಡಿಯುವಾಗ ಅರ್ಧದಷ್ಟು ತಣ್ಣೀರು, ಚಿಟಿಕೆ ಉಪ್ಪು, ಹುರಿದು ಪುಡಿ ಮಾಡಿದ ಜೀರಿಗೆ ಬೆರೆಸಿಕೊಳ್ಳಿ. ಸಕ್ಕರೆ ಬೇಕಾಗುವುದಿಲ್ಲ.